ಕೋಳಿಗೆ ಕಾವು ಕಲಿಸಲು ಹೋಗಿ

ನನಗೆ ತಿಳಿಯದ ವಿಷಯವೊಂದಿದೆ ಎಂದು ಯಾರಾದರೂ ಹೇಳಿದರೆ ನಾನು ಜಗಳವಾಡುವುದಿಲ್ಲ. ಸಂಜೆಯೊಳಗೆ ಅದನ್ನು ಕಲಿತುಬಿಡುತ್ತೇನೆ. ಇಪ್ಪತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವರಿಗೆ ಅಂಟುವ ಕಾಯಿಲೆ ಇದು. ಮಿಕ್ಸಿ ಬಿಚ್ಚುವುದು, ನಲ್ಲಿಗೆ ವಾಷರ್ ಹಾಕುವುದು, ಸ್ಕೂಟರಿನ ಪ್ಲಗ್ಗು ಒರೆಸುವುದು ಎಲ್ಲವನ್ನೂ ಹೀಗೇ ಕಲಿತೆ. ಸ್ಕೂಟರು ಆಮೇಲೆ ಮೊದಲಿನ ಹಾಗೆ ಓಡಲಿಲ್ಲ ಎಂಬುದು ನನ್ನ ಗಂಡನ ಅಭಿಪ್ರಾಯ ಮಾತ್ರ.

ಹೀಗಿರುವಾಗ ಪಣಕಹಳ್ಳಿಯ ನಮ್ಮ ಮನೆಯಲ್ಲಿ ಮೊಟ್ಟೆಗೆಂದು ಸಾಕಿದ ಕೆಂಪು ಹೇಂಟೆ ಒಂದು ದಿನ ಬುಟ್ಟಿ ಬಿಟ್ಟು ಏಳಲೇ ಇಲ್ಲ. ಮೇವು ಹಾಕಿದರೂ ಇಲ್ಲ. ಕೈ ಚಾಚಿದರೆ ಗರಿ ಉಬ್ಬಿಸಿ ಕುಕ್ಕಲು ಬಂತು. ಮೈ ಮುಟ್ಟಿ ನೋಡಿದೆ, ಬಿಸಿ. ಜ್ವರವೇ ಸೈ ಎಂದು ತೀರ್ಮಾನಿಸಿ, ಅದನ್ನು ತರಕಾರಿ ಚೀಲದಲ್ಲಿ ಕೂರಿಸಿಕೊಂಡು ತಾಳವಾಡಿಯ ಬಸ್ಸು ಹತ್ತಿದೆ. ದನದ ಡಾಕ್ಟರು ಚೀಲದೊಳಗೆ ಇಣುಕಿ ನಕ್ಕುಬಿಟ್ಟರು. “ಟೀಚರ್, ಇದಕ್ಕೆ ಜ್ವರ ಇಲ್ಲ, ಕಾವು ಬಂದಿದೆ. ಅಡಿಯಲ್ಲಿ ಮೊಟ್ಟೆ ಇಡಿ, ಆಮೇಲೆ ಅದರ ಪಾಡಿಗೆ ಬಿಟ್ಟುಬಿಡಿ” ಎಂದರು. ಎರಡು ಸಲಹೆಗಳಲ್ಲಿ ಮೊದಲನೆಯದನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ.

ಹೇಂಟೆಯ ಅಡಿ ಹನ್ನೊಂದು ಮೊಟ್ಟೆ ಇಟ್ಟೆ. ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ನಂಬರು ಬರೆದೆ. ದಿನಕ್ಕೆ ಮೂರು ಸಲ ಮೊಟ್ಟೆ ಹೊರಳಿಸಬೇಕು ಎಂದು ಫೋನಿನ ವಿಡಿಯೋದಲ್ಲಿ ಒಬ್ಬರು ಹೇಳಿದ್ದರು, ಹೊರಳಿಸಿದೆ. ಅವರು ಹೇಳುತ್ತಿದ್ದುದು ಕರೆಂಟಿನ ಪೆಟ್ಟಿಗೆಯಲ್ಲಿ ಮರಿ ಮಾಡುವ ಬಗ್ಗೆ, ಅಲ್ಲಿ ಕೋಳಿಯೇ ಇರುವುದಿಲ್ಲ ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ. ಹೇಂಟೆ ಪ್ರತಿ ಸಲವೂ ನನ್ನ ಮಣಿಕಟ್ಟು ಕುಕ್ಕುತ್ತಿತ್ತು. “ಅದ್ರ ಕೆಲ್ಸ ಅದ ಮಾಡ್ಕತದ, ಬುಡು ಕಣಮ್ಮಿ” ಎಂದರು ನನ್ನವರು. “ನಿಮ್ಗ ಗೊತ್ತಾಗಲ್ಲ, ಸುಮ್ನಿರಿ” ಎಂದೆ.

ಹದಿನಾರನೆಯ ದಿನ ಬೆಳಿಗ್ಗೆ ನೋಡಿದರೆ ಬುಟ್ಟಿಯಲ್ಲಿ ಮೊಟ್ಟೆಗಳಿವೆ, ಕೋಳಿಯಿಲ್ಲ. ಅದು ಹಿತ್ತಲಿನಲ್ಲಿ ಹಾಯಾಗಿ ಮಣ್ಣು ಎರಚಿಕೊಳ್ಳುತ್ತಿತ್ತು. ಹಿಡಿದು ತಂದು ಕೂರಿಸಿದೆ, ಎದ್ದು ಹೋಯಿತು. ಮತ್ತೆ ತಂದೆ, ಮತ್ತೆ ಹೋಯಿತು. ಮೂರನೆಯ ಸಲ ನನ್ನನ್ನು ನೋಡಿದ ಕೂಡಲೇ ಬೇಲಿ ಹಾರಿತು. ನಾಲ್ಕನೆಯ ನಂಬರಿನ ಮೊಟ್ಟೆಯನ್ನೆತ್ತಿ ಟಾರ್ಚಿನ ಬೆಳಕಿಗೆ ಹಿಡಿದೆ. ಒಳಗೆ ಕಪ್ಪಗೆ ಏನೋ ಅಲುಗಿತು. ಅಲ್ಲಿಯವರೆಗೂ ಅದು ನನಗೆ ಬರೀ ನಾಲ್ಕನೆಯ ನಂಬರಾಗಿತ್ತು. ಈಗ ಅದು ನನ್ನ ಕೈಯಲ್ಲಿ ತಣ್ಣಗಾಗುತ್ತಿತ್ತು.

ಬೀದಿಯಲ್ಲಿ ಆಗ ಕಾವಿಗೆ ಬಂದ ಕೋಳಿಯಿದ್ದುದು ಒಂದೇ ಮನೆಯಲ್ಲಿ, ಪಕ್ಕದ ಪುಟ್ಟಮ್ಮಕ್ಕನ ಮನೆಯಲ್ಲಿ. ನಮ್ಮಿಬ್ಬರಿಗೂ ಒಂದು ವರ್ಷದಿಂದ ಮಾತಿರಲಿಲ್ಲ. ನಮ್ಮ ಕೋಳಿಗಳು ಅವರ ಕೊತ್ತಂಬರಿ ಮಡಿ ಕೆದಕಿದ್ದವು. ಅವರು ಕೇಳಲು ಬಂದಾಗ ನಾನು ಬೇಲಿ ಕಟ್ಟುವ ಸರಿಯಾದ ಕ್ರಮವನ್ನು ಅವರಿಗೆ ವಿವರಿಸಿದ್ದೆ. ಈಗ ಯಜಮಾನರ ಉಣ್ಣೆ ಟೋಪಿಯೊಳಗೆ ಹನ್ನೊಂದು ಮೊಟ್ಟೆ ತುಂಬಿಕೊಂಡು, ಸೆರಗು ಹೊದಿಸಿ, ಅವರ ಬಾಗಿಲಲ್ಲಿ ನಿಂತೆ. “ಪುಟ್ಟಮ್ಮಕ್ಕ, ನಮ್ಮ ಕೋಳಿ ಎದ್ದೋಗ್ಬುಡ್ತು. ಒಳಗ ಜೀವ ಅದ” ಎಂದೆ. ಸೆರಗು ಸರಿಸಿ ಟೋಪಿ ಮುಂದೆ ಚಾಚಿದೆ.

ಅವರು ನನ್ನ ಮುಖ ನೋಡಲಿಲ್ಲ. ಟೋಪಿ ಇಸಿದುಕೊಂಡರು. ಕೂರಿಸಲು ಮೊಟ್ಟೆಯಿಲ್ಲವೆಂದು, ಕಾವು ಬಿಡಿಸಲು ಮಂಕರಿ ಬುಟ್ಟಿಯಡಿ ಮುಚ್ಚಿಟ್ಟಿದ್ದ ಕರಿ ಹೇಂಟೆಯನ್ನು ಹೊರಗೆ ತೆಗೆದರು. ಮೊಟ್ಟೆಗಳನ್ನು ಒಂದೊಂದಾಗಿ ಅದರ ಹೊಟ್ಟೆಯಡಿ ತಳ್ಳುತ್ತಾ ಕೋಳಿಯೊಂದಿಗೇ ಮಾತಾಡಿದರು: “ಒತ್ಕೊ ಕಣವ್ವ. ಓದ್ದೋರ ಮನೆ ಮೊಟ್ಟ. ನಂಬ್ರು ಬೇರೆ ಆಕವ್ರ, ಆಜ್ರಿ ಕೂಗ್ತರೇನೋ!” ಕರಿ ಹೇಂಟೆ ರೆಕ್ಕೆ ಅಗಲಿಸಿ ಹನ್ನೊಂದನ್ನೂ ಒಳಗೆ ಎಳೆದುಕೊಂಡಿತು. ನನ್ನ ಕಣ್ಣು ತುಂಬಿತು. ಹೊಗೆ ಎಂದೆ. ಒಲೆ ಉರಿಯುತ್ತಿರಲಿಲ್ಲ.

ಮರುದಿನವೂ ಹೋದೆ, ಅವರು ಹಸುವಿನೊಂದಿಗೆ ಮಾತಾಡಿದರು. ಅದರ ಮರುದಿನ ಗೋಡೆಯತ್ತ ತಿರುಗಿ “ಕಾಫಿ ಅದ” ಎಂದರು. ನಾಲ್ಕನೆಯ ದಿನ ನನ್ನ ಕೈ ತಾನಾಗಿಯೇ ಬುಟ್ಟಿಯತ್ತ ಹೋದಾಗ, ಪಟ್ಟನೆ ಕೈ ಮೇಲೊಂದು ಏಟು ಕೊಟ್ಟು, “ಮುಟ್ಬುಟ್ಟೀಯ, ಕಳ್ಳಿ!” ಎಂದರು. ಒಂದು ವರ್ಷದ ಮೇಲೆ ಅವರು ನೇರವಾಗಿ ನನಗೆ ಆಡಿದ ಮೊದಲ ಮಾತು ಅದು. ಬೈಗುಳ ಅಷ್ಟು ಹಿತವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಇಪ್ಪತ್ತೊಂದನೆಯ ದಿನ “ಟೀಚರಮ್ಮೋ, ಬಿರ್ನ ಬಾ!” ಎಂಬ ಕೂಗು ಕೇಳಿ, ತಲೆಗೆ ಹಚ್ಚಿದ ಎಣ್ಣೆಯಲ್ಲೇ ಓಡಿದೆ. ಎಂಟು ಮರಿ ಹೊರಗೆ ಬಂದಿದ್ದವು. ಮೂರು ಮೊಟ್ಟೆ ಒಡೆಯಲಿಲ್ಲ. ಯಾಕೆಂದು ನಾನು ಕಾರಣ ಹೇಳಲು ಶುರುಮಾಡಿದೆ. ಪುಟ್ಟಮ್ಮಕ್ಕ ನನ್ನ ಅಂಗೈ ಮೇಲೆ ಒಂದು ಮರಿ ಇಟ್ಟರು. ಅದರ ಎದೆ ಪುಟಪುಟ ಹೊಡೆದುಕೊಳ್ಳುತ್ತಿತ್ತು. ಕಾರಣಗಳೆಲ್ಲ ಮರೆತುಹೋದವು.

ಮೊನ್ನೆ ತಾಳಮಲೆಯ ಶಾಲೆಯ ಟೀಚರೊಬ್ಬರು ಫೋನು ಮಾಡಿ, ಮೊದಲ ಸಲ ಕೋಳಿ ಕಾವಿಗೆ ಕೂರಿಸಬೇಕು, ಏನು ಮಾಡಲಿ ಎಂದು ಕೇಳಿದರು. ಅರ್ಧ ಗಂಟೆ ಸಾಂಗವಾಗಿ ವಿವರಿಸಿದೆ. ಫೋನಿಟ್ಟು ತಿರುಗಿದರೆ ಪುಟ್ಟಮ್ಮಕ್ಕ ಜಗಲಿಯ ಮೇಲೆ ಎಲೆಯಡಿಕೆ ಮೆಲ್ಲುತ್ತಾ ಕೂತಿದ್ದರು, ಯಾವಾಗ ಬಂದರೋ!

“ಚೆನ್ನಾಗಿ ಏಳ್ಕೊಟ್ಟ ಕಣಮ್ಮಿ” ಎಂದರು. “ನಿಂಗ ಯಾರು ಕಲ್ಸುದ್ರು?”

ನಾನು ಕಾಫಿಗೆ ನೀರಿಡಲು ಒಳಗೆ ಹೋದೆ.