ನೂರ ಇಪ್ಪತ್ತು ಪ್ರಶ್ನೆಗಳ ಅಳಿಯ

ವ್ಯಕ್ತಿತ್ವ ಪರೀಕ್ಷೆಗೆ ಎರಡು ದಿನದ ಸಂಬಳ, ಹೊಸ ಅಂಗಿಗೆ ಮೂರು ದಿನದ್ದು, ಬೂಟಿನ ಅಟ್ಟೆ ಬದಲಿಸಲು ಅರ್ಧ ದಿನದ್ದು. ಮ್ಯಾನೇಜರ್ ಆಗುವ ಮೊದಲೇ ಗೋಡೌನ್ ಗುಮಾಸ್ತನ ಹೆಚ್ಚುಕಡಿಮೆ ಒಂದು ವಾರದ ದುಡಿಮೆ ಕರಗಿಹೋಗಿತ್ತು.

ಸ್ವಭಾವಕ್ಕೆ ತಕ್ಕ ಕೆಲಸ ಕೊಟ್ಟರೆ ಅಂಗಡಿ ತಾನಾಗಿಯೇ ನಡೆಯುತ್ತದೆ ಎಂದು ಪೀಠೋಪಕರಣದ ಅಂಗಡಿಯ ಯಜಮಾನರು ಎಲ್ಲೋ ಕೇಳಿಕೊಂಡು ಬಂದಿದ್ದರು. ಮ್ಯಾನೇಜರ್ ಹುದ್ದೆ ಬೇಕೆನ್ನುವವರು ನೂರ ಇಪ್ಪತ್ತು ಪ್ರಶ್ನೆಗಳ ಪರೀಕ್ಷೆಯ ವರದಿ ತರಬೇಕೆಂದು ಸಾರಿದರು. ಗುಮಾಸ್ತನಿಗೆ ಆ ಆಸೆಯೇ ಇರಲಿಲ್ಲ. ಗೋಡೌನಿನಲ್ಲಿ ಕುರ್ಚಿ ಎಣಿಸಿಕೊಂಡು ತಣ್ಣಗಿದ್ದ. ಆಸೆ ಇದ್ದದ್ದು ಹೆಂಡತಿಗೆ. ಅವಳಿಗಿಂತ ಹೆಚ್ಚಾಗಿ ಅವಳ ತಾಯಿಗೆ.

'ಜಗಳ ಕಂಡರೆ ಏನು ಮಾಡುತ್ತೀರಿ?' ಎಂಬ ನಾಲ್ಕನೆಯ ಪ್ರಶ್ನೆಗೆ ಅವನು 'ದಾರಿ ಬದಲಿಸುತ್ತೇನೆ' ಎಂದು ಗುರುತು ಹಾಕಿದ್ದೇ ತಡ, ಇಪ್ಪತ್ತು ವರ್ಷ ಹುಡುಗಿಯರ ಹಾಸ್ಟೆಲ್ ನಡೆಸಿ ನಿವೃತ್ತರಾಗಿ ಈಗ ಮಗಳ ಮನೆಯಲ್ಲೇ ಇದ್ದ ಅತ್ತೆ ಪೆನ್ನು ಕಿತ್ತುಕೊಂಡರು.

"ಅಳಿಯಂದ್ರೇ, ಹೀಗೆ ನಿಜ ಬರೆದ್ರೆ ಯಾರು ಕೆಲಸ ಕೊಡ್ತಾರೆ? ನೀವು ಟೀ ಕುಡೀರಿ."

ಉಳಿದ ನೂರ ಹದಿನಾರು ಉತ್ತರಗಳನ್ನು ಅವರೇ ತುಂಬಿದರು. ಎದುರುಮನೆಯ ವಿಮಾ ಏಜೆಂಟ್ ಬಾಗಿಲಲ್ಲೇ ನಿಂತು ಅಲ್ಲಲ್ಲಿ ಇನ್ನಷ್ಟು ಖಾರ ಸೇರಿಸಿದ.

ವರದಿ ಬಂತು: 'ಹುಟ್ಟು ನಾಯಕತ್ವ. ಯಾರಿಗೂ ಅಂಜದ ಸ್ವಭಾವ. ನೂರು ಜನರನ್ನು ಕಣ್ಸನ್ನೆಯಲ್ಲೇ ದುಡಿಸುವ ಶಕ್ತಿ.' ಯಜಮಾನರು ವರದಿಯನ್ನೊಮ್ಮೆ, ನೆನೆದ ಬೆಕ್ಕಿನಂತೆ ಮುದುಡಿ ನಿಂತಿದ್ದ ಗುಮಾಸ್ತನನ್ನೊಮ್ಮೆ ನೋಡಿದರು. ಸಂಜೆಯವರೆಗೆ ಕೌಂಟರ್ ನೋಡಿಕೋ, ಆಮೇಲೆ ತೀರ್ಮಾನ ಎಂದರು.

ಮೊದಲು ಬಂದ ಗಿರಾಕಿ ಅಲುಗಾಡುವ ಮೇಜೊಂದನ್ನು ತಂದು ಕುಕ್ಕಿದ. ಗುಮಾಸ್ತ ಕ್ಷಮೆ ಕೇಳಿ ಹೊಸ ಮೇಜು ಕೊಟ್ಟ. ಗಿರಾಕಿಯ ಮುಖ ಇನ್ನೂ ಗಂಟಿಕ್ಕಿಕೊಂಡಿದ್ದರಿಂದ ಎರಡು ಸ್ಟೂಲನ್ನೂ ಸೇರಿಸಿದ. ಆ ಹಳೆಯ ಮೇಜು ಕೊಂಡದ್ದು ಎದುರಿನ ಅಂಗಡಿಯಲ್ಲಿ ಎಂದು ಆಮೇಲೆ ತಿಳಿಯಿತು. ಸಾಮಾನು ಸಾಗಿಸುವವರು ಸುಸ್ತಾಗಿದೆ ಎಂದರು. ಪಾಪ ಅನ್ನಿಸಿ ಸ್ವಲ್ಪ ಕೂರಿ ಎಂದ. ಅವರು ಮಾರಾಟದ ಮಂಚಗಳ ಮೇಲೆ ಸಾಲಾಗಿ ಮಲಗಿ ಗೊರಕೆ ಹೊಡೆದರು. ದೊಡ್ಡ ಬೀರು ಕೊಳ್ಳಲು ಬಂದಿದ್ದ ಅಜ್ಜಿಗೆ, ಒಂಟಿ ಜೀವಕ್ಕೆ ಇಷ್ಟು ದೊಡ್ಡದು ಯಾಕೆ ಎಂದು ಬುದ್ಧಿ ಹೇಳಿ ಬರಿಗೈಯಲ್ಲಿ ಕಳಿಸಿದ.

ಮೂರು ಗಂಟೆಗೆ ಯಜಮಾನರು ಒಳಗೆ ಕರೆದರು.

"ನಿಜ ಹೇಳಯ್ಯ. ಈ ವರದಿಯಲ್ಲಿ ಇರೋದು ಯಾರು?"

"ನಮ್ಮ ಅತ್ತೆ, ಸಾರ್."

ಕೆಲಸಕ್ಕೆ ಎಳ್ಳುನೀರು ಬಿಟ್ಟಂತೆಯೇ ಎಂದು ಗುಮಾಸ್ತ ಕಣ್ಣು ಮುಚ್ಚಿದ. ಯಜಮಾನರು ಬೈಯಲಿಲ್ಲ. ವರದಿಯನ್ನು ಜೋಪಾನವಾಗಿ ಮಡಿಸಿ, ಅತ್ತೆಯ ಫೋನ್ ನಂಬರ್ ಕೇಳಿದರು.

ನಾಲ್ಕಕ್ಕೆ ಅತ್ತೆ ಬಂದರು. ಐದರೊಳಗೆ ಮಂಚಗಳು ಖಾಲಿಯಾದವು, ಮೇಜೂ ಸ್ಟೂಲುಗಳೂ ಗಿರಾಕಿಯ ತಲೆಯ ಮೇಲೆಯೇ ವಾಪಸು ಬಂದವು. ಆರಕ್ಕೆ ಅತ್ತೆ ಮ್ಯಾನೇಜರ್ ಆಗಿದ್ದರು.

ಸದ್ಯ, ತನ್ನ ಕೆಲಸ ಉಳಿಯಿತಲ್ಲ ಎಂದು ಗುಮಾಸ್ತ ಮೆಲ್ಲಗೆ ಗೋಡೌನಿನ ಕಡೆ ಸರಿದ.

"ಅಳಿಯಂದ್ರೇ," ಹಿಂದಿನಿಂದ ಕರೆ ಬಂತು, "ಆ ಕತ್ತಲೇಲಿ ಒಬ್ರೇ ಕೂತು ಏನ್ ಮಾಡ್ತೀರಾ? ನಿಮ್ಮ ಕುರ್ಚೀನ ನನ್ನ ಎದುರಿಗೇ ಹಾಕ್ಸಿದ್ದೀನಿ."

ಮನೆಗೆ ಇನ್ನೊಂದು ಸಂಬಳ ಬಂತು. ಅಳಿಯನಿಗೆ ದಿನಕ್ಕೆ ಒಂಬತ್ತು ಗಂಟೆಯ ನೆಮ್ಮದಿ ಹೋಯಿತು.