ದೊಡ್ಡಪ್ಪ ಇಳಿಸಿಟ್ಟ ಸ್ಕ್ರೂ

ಅಕ್ಷರ ಓರೆಯಾಗಿದೆ, ಮಾತು ಜೋಡಿಸಲೂ ಸರಿಯಾಗಿ ಬರುವುದಿಲ್ಲ. ಓದುವವರು ದಯವಿಟ್ಟು ಹೊಂದಿಸಿಕೊಳ್ಳಿ. ದೊಡ್ಡಮ್ಮ ಹೇಳಿದ್ದನ್ನು ಹೇಳಿದ ಹಾಗೆಯೇ ಇಟ್ಟಿದ್ದೇನೆ.

ದೊಡ್ಡಪ್ಪನನ್ನು ಸ್ಮಶಾನಕ್ಕೆ ಒಯ್ಯುತ್ತಿದ್ದ ವ್ಯಾನು ಸಿಗ್ನಲ್‌ನಲ್ಲಿ ನಿಂತಿತ್ತು. ಹಿಂದೆ ಐಸ್ ಪೆಟ್ಟಿಗೆಯಲ್ಲಿ ದೊಡ್ಡಪ್ಪ. ಮುಂದಿನ ಸೀಟಿನಲ್ಲಿ ಒಂದು ಕಡೆ ಚಾಲಕ, ಇನ್ನೊಂದು ಕಡೆ ದೊಡ್ಡಮ್ಮನ ತಮ್ಮ, ನಡುವಿನ ಇಕ್ಕಟ್ಟಿನಲ್ಲಿ ದೊಡ್ಡಮ್ಮ. ಬಿಸಿಲು ಗಾಜು ದಾಟಿ ನೇರ ಅವರ ತೊಡೆಯ ಮೇಲೆ ಬಂದು ಕೂತಿತ್ತು. ಏಸಿಯ ಗುಂಡಿ ಕಣ್ಣೆದುರಿಗೇ ಇತ್ತು.

ತಮ್ಮ: ಬೇಡ ಅಂದ್ರೆ ಬೇಡ ಅಕ್ಕ. ಭಾವ ಇದ್ದಿದ್ರೆ ಏಸಿಗೆ ಒಪ್ತಿದ್ರಾ?

ದೊಡ್ಡಮ್ಮ: ಇಲ್ಲ. ಅದಕ್ಕೇ ಇವತ್ತು ಕೇಳ್ತಿರೋದು.

ಚಾಲಕ: ಅಮ್ಮಾ, ಯಜಮಾನರಿಗೆ ಹಿಂದೆ ಬೇರೆ ವ್ಯವಸ್ಥೆ ಇದೆ. ಪೆಟ್ಟಿಗೆ ಒಳಗೆ ಒಳ್ಳೇ ತಂಪು. ನೀವು ಚಿಂತೆ ಮಾಡ್ಬೇಡಿ.

ತಮ್ಮ: ಕೇಳಿದ್ಯಾ? ಭಾವ ಆರಾಮಾಗಿದಾರೆ.

ದೊಡ್ಡಮ್ಮ: ಅವರು ಯಾವತ್ತು ಆರಾಮಾಗಿರಲಿಲ್ಲ?

ಚಾಲಕ: ಬೇಕಿದ್ರೆ ದಾರೀಲಿ ಇನ್ನೊಂದು ಗಡ್ಡೆ ಐಸ್ ಹಾಕ್ಸೋಣ. ನಿಮ್ಮ ಮನಸ್ಸಿಗೆ ಸಮಾಧಾನ ಆಗೋದಾದ್ರೆ…

ದೊಡ್ಡಮ್ಮ: ಅಯ್ಯೋ, ಏಸಿ ಅವರಿಗಲ್ಲಪ್ಪಾ, ನನಗೆ!

ಚಾಲಕ ತಮ್ಮನ ಮುಖ ನೋಡಿದ. ಹಿಂದಿನಿಂದ ಯಾರೂ ಬೇಡ ಅನ್ನಲಿಲ್ಲ.

ದೊಡ್ಡಮ್ಮ: ಬೆಳಗ್ಗೆಯಿಂದ ಬಂದವರೆಲ್ಲ ನನ್ನ ಮುಖ ನೋಡಿ, ‘ಪಾಪ, ಎಷ್ಟು ಅತ್ತಿದಾರೆ’ ಅಂದ್ರು. ಅದು ಬೆವರು ಕಣೋ! ಒರೆಸಿಕೊಳ್ಳೋದ್ರಲ್ಲೇ ಆಯ್ತು, ಅಳೋಕೆ ಪುರುಸೊತ್ತೇ ಸಿಕ್ಕಿಲ್ಲ. ಅಲ್ಲಿಗೆ ಮುಟ್ಟೋದ್ರೊಳಗೆ ಒಂದ್ಸಲ ನೆಟ್ಟಗೆ ಅತ್ತುಬಿಡಬೇಕು. ಅಲ್ಲಿ ಜನದ ಮುಂದೆ ನನಗಾಗಲ್ಲ.

ತಮ್ಮ: ನಿಂತ ಗಾಡೀಲಿ ಏಸಿ ಹಾಕಿದ್ರೆ ಇಂಜಿನ್ ಸಾಯುತ್ತೆ ಅಕ್ಕ! ಭಾವ ಬಡ್ಕೊಳ್ತಿದ್ದದ್ದು ಮರೆತ್ಯಾ? ಹಿಂದೆ ಕಾರಲ್ಲಿ ಬರ್ತಿರೋ ನೆಂಟರೆಲ್ಲ ಇಳಿದು ವ್ಯಾನು ತಳ್ಳಬೇಕಾಗುತ್ತೆ.

ದೊಡ್ಡಮ್ಮ: ತಳ್ಳಲಿ. ಅವರ ಸಂಸಾರ ನಾನೊಬ್ಬಳೇ ತಳ್ಳಿಲ್ವಾ?

ಚಾಲಕ: ಯಾಕೆ ಸಾಯುತ್ತೆ ಸಾರ್? ನಿಂತಾಗ ಇಂಜಿನ್ ಉಸಿರಾಡೋಷ್ಟು ಮಾತ್ರ ತಿರುಗ್ತಿರುತ್ತೆ. ಏಸಿ ಹಾಕಿದ್ರೆ ಬೆನ್ನ ಮೇಲೆ ಮೂಟೆ ಬಿದ್ದ ಹಾಗೆ. ಒಂದ್ಸಲ ಬಗ್ಗುತ್ತೆ, ಆಮೇಲೆ ತಾನೇ ಸ್ವಲ್ಪ ಜೋರಾಗಿ ತಿರುಗಿ ಹೊತ್ಕೊಳ್ಳುತ್ತೆ.

ತಮ್ಮ: ಭಾವನ ಕಾರು ಹೊತ್ಕೊಳ್ತಿರಲಿಲ್ಲ. ಗಡಗಡ ನಡುಗಿ ನಿಂತೇ ಬಿಡ್ತಿತ್ತು. ಕಣ್ಣಾರೆ ನೋಡಿದೀನಿ.

ಚಾಲಕ: ಹಳೇ ಕಾರಾ? ಹಾಗಾದ್ರೆ ನಿಂತಾಗಿನ ವೇಗ ಹೆಚ್ಚುಕಡಿಮೆ ಮಾಡೋಕೆ ಒಂದು ಸ್ಕ್ರೂ ಇರುತ್ತೆ. ಅದನ್ನ ಯಾರಾದ್ರೂ ಇಳಿಸಿದ್ರಾ?

ತಮ್ಮ (ಹೆಮ್ಮೆಯಿಂದ): ಯಾರಾದ್ರೂ ಏನು, ಭಾವನೇ! ನಿಂತ ಕಾರು ಪೆಟ್ರೋಲ್ ಕುಡಿಯೋದು ಸೋಮಾರಿತನ ಅಂತ ಆದಷ್ಟೂ ಇಳಿಸಿಟ್ಟಿದ್ರು. ಟಾರ್ಚ್ ಹಿಡ್ಕೊಂಡಿದ್ದು ನಾನೇ.

ಚಾಲಕ: ಮತ್ತೆ ಇನ್ನೇನಾಗುತ್ತೆ! ಅರೆಹೊಟ್ಟೆಗೆ ಇಟ್ಟು ಮೂಟೆ ಹೊರಿಸಿದ್ರೆ ಯಾರಾದ್ರೂ ಬಿದ್ದೇ ಬೀಳ್ತಾರೆ.

ದೊಡ್ಡಮ್ಮ ನಿಧಾನವಾಗಿ ಹಿಂದಿನ ಪೆಟ್ಟಿಗೆಯತ್ತ ತಿರುಗಿದರು.

ದೊಡ್ಡಮ್ಮ: ರೀ… ಮಗಳ ಮದುವೆಗೆ ಹೋಗುವಾಗ ಹೊಸ ಸೀರೆ ನೆಂದು ಮೈಗಂಟಿತ್ತು. ‘ಇಂಜಿನ್ ಮೇಲೆ ಸ್ವಲ್ಪ ಕರುಣೆ ಇರಲಿ’ ಅಂದ್ರಿ. ಪಾಪ, ಅದಕ್ಕೆ ಹುಟ್ಟಿನಿಂದಲೇ ಮೈ ಸರಿಯಿಲ್ಲ ಅಂತ ನಾನೂ ನಂಬಿದೆ. ಇದೇನಾ ನಿಮ್ಮ ಕೈಚಳಕ?

ತಮ್ಮ: ಅಕ್ಕಾ, ಸತ್ತವರನ್ನ ಹಾಗೆಲ್ಲ…

ದೊಡ್ಡಮ್ಮ: ನೀನು ಟಾರ್ಚ್ ಹಿಡಿದವನು, ಬಾಯಿ ಮುಚ್ಚು. ಹಾಕಪ್ಪಾ ಏಸಿ. ಪೂರ್ತಿ ಹಾಕು.

ಚಾಲಕ ಗುಂಡಿ ಒತ್ತಿದ. ಒಳಗೆಲ್ಲೋ ‘ಟಕ್’ ಎಂದಿತು. ಇಂಜಿನ್‌ನ ಸದ್ದು ಕುಗ್ಗಿತು, ಅದು ತಿರುಗುವ ವೇಗ ತೋರಿಸುವ ಮುಳ್ಳು ಕೆಳಗಿಳಿಯಿತು, ವ್ಯಾನು ಅಡಿಯಿಂದ ಮುಡಿಯವರೆಗೆ ನಡುಗಿತು. ಹಿಂದೆ ಪೆಟ್ಟಿಗೆ ದಡದಡ ಎಂದಿತು. ಅಷ್ಟು ಹೊತ್ತು ಪಾಠ ಹೇಳಿದ ಚಾಲಕನ ಮುಖವೇ ಬಿಳಿಚಿಕೊಂಡು, ಅವನ ಕಾಲು ಆಕ್ಸಿಲರೇಟರ್ ಹುಡುಕಿತು.

ತಮ್ಮ: ನೋಡು, ನೋಡು! ಭಾವ ಬೇಡ ಅಂತಿದಾರೆ!

ದೊಡ್ಡಮ್ಮ: ಕಾಲಿಡಬೇಡಪ್ಪಾ. ತಾನೇ ಹೊತ್ಕೊಳ್ಳುತ್ತೆ ಅಂದ್ಯಲ್ಲ, ಹೊತ್ಕೊಳ್ಳಲಿ.

ಚಾಲಕ: ಅಂದೆ… ಅಂದಿದ್ದೇನೋ ನಿಜ…

ಮೂವರೂ ಮುಳ್ಳನ್ನೇ ನೋಡಿದರು. ಅದು ಯೋಚನೆ ಮಾಡಿದ ಹಾಗೆ ಒಂದು ಗಳಿಗೆ ಅಲ್ಲೇ ನಿಂತು, ಮೆಲ್ಲಗೆ ಮೇಲೆದ್ದು, ಮೊದಲಿದ್ದ ಜಾಗಕ್ಕಿಂತ ಒಂದಿಷ್ಟು ಮೇಲೆ ಹೋಗಿ ನೆಲೆನಿಂತಿತು. ನಡುಕ ಅಡಗಿತು. ತಣ್ಣನೆಯ ಗಾಳಿ ದೊಡ್ಡಮ್ಮನ ಮುಖಕ್ಕೆ ಬಂತು.

ದೊಡ್ಡಮ್ಮ (ಹಿಂದೆ ತಿರುಗಿ): ಕೇಳಿಸ್ತಾ ರೀ? ಇಂಜಿನ್ ಸಾಯುತ್ತೆ, ಇಂಜಿನ್ ಸಾಯುತ್ತೆ ಅಂತಿದ್ರಿ. ಈಗ ಯಾರು ಸತ್ತರು?

ಹಸಿರು ದೀಪ ಬಂತು, ವ್ಯಾನು ಹೊರಟಿತು. ಮುಂದಿನ ತಿರುವು ದಾಟಿತು. ಆಮೇಲೆ ತಮ್ಮ ಓರೆಗಣ್ಣಿನಲ್ಲಿ ಅಕ್ಕನ ಮುಖ ನೋಡಿದ.

ತಮ್ಮ: ಏನಕ್ಕ, ಇಷ್ಟು ತಣ್ಣಗಾದ್ರೂ ಇನ್ನೂ ಬೆವರ್ತಿದೀಯಾ?

ದೊಡ್ಡಮ್ಮ: ಬೆವರಲ್ಲ ಕಣೋ. ಆ ಕಡೆ ನೋಡ್ತಾ ಕೂತ್ಕೋ.

ನಾಳೆ ಇದನ್ನು ದೊಡ್ಡಮ್ಮನಿಗೆ ಓದಿ ಹೇಳಿ, ಅವರು ತಪ್ಪು ಅಂದ ಕಡೆ ತಿದ್ದಿ, ಇನ್ನೊಂದು ಸಲ ದುಂಡಗೆ ಬರೆಯುತ್ತೇನೆ.