ಮೂರನೆಯ ಸೆಟ್ಟಿನ ಕನ್ನಡ

ಕ್ರೀಡಾ ಸಮಿತಿಯ ಹೊಸ ಅಧ್ಯಕ್ಷರ ಮೊದಲ ತೀರ್ಮಾನದ ಪರಿಣಾಮವನ್ನು ಅನುಭವಿಸಿದವನು ದರ್ಜಿ ಈರಣ್ಣ. ತೀರ್ಮಾನ ಕೈಗೊಂಡವರೆಲ್ಲ ಕ್ಷೇಮವಾಗಿದ್ದಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಅನ್ಯಾಯವನ್ನು ಕಂಡಲ್ಲಿ ಹೆಸರಿಸಬೇಕು ಎಂಬ ಪಾಠವನ್ನು ನಾನು ಚಿಕ್ಕಂದಿನ ಅಧ್ಯಯನ ಶಿಬಿರಗಳಲ್ಲಿ ಕಲಿತವನು, ಮುಂದೆ ಮೇಷ್ಟರಾಗಿ ಕಲಿಸಿದವನು. ಮನೆಯಲ್ಲಿ ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾದರೂ ವಿತರಣೆಯ ಲೋಪ ಎನ್ನುವಷ್ಟು ಆ ಅಭ್ಯಾಸ ಬೆಳೆದಿದೆ. ನನ್ನ ಹೆಂಡತಿ ಗಿರಿಜಾ, 'ಹೆಸರು ಇಟ್ಟಾಯ್ತಲ್ರಿ, ಇನ್ನ ತಿನ್ರಿ' ಎನ್ನುತ್ತಾಳೆ.

ಗಡಿಯಾಚೆ ತೆಲುಗು ಸೀಮೆಗೆ ಸೇರಿದ ನಮ್ಮ ಮಕ್ತಲ್‌ನ ವಾಲಿಬಾಲ್ ಪಂದ್ಯಗಳಿಗೆ ಮೈಕಿನಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದವನು ಈ ಈರಣ್ಣ. ರಾಜ್ಯ ಒಡೆದು ಹೊಸದಾಗುವ ಮೊದಲೂ ಅವನೇ, ಆಮೇಲೂ ಅವನೇ. 'ಎತ್ತಿ ಕೊಟ್ಟಾನ ನೋಡ್ರಪಾ… ಎಗಿರಿಂಡು… ಕೊಟ್ಟಿಂಡು ಸೂಡು… ಅರೇ ಕ್ಯಾ ಮಾರಾ ಭಾಯ್! ಹೋಗ್ರಿ ಮಾವಾ, ಬಾಲು ಬಸ್‌ಸ್ಟ್ಯಾಂಡ್‌ನಾಗ ಐತಿ, ತಗೊಂಡ್ ಬರ್ರಿ!' ಚೆಂಡು ಎತ್ತಿ ಕೊಡುವುದು ಕನ್ನಡದಲ್ಲಿ, ನೆಗೆದು ಹೊಡೆಯುವುದು ತೆಲುಗಿನಲ್ಲಿ, ಶಹಬ್ಬಾಸ್‌ಗಿರಿ ಉರ್ದುವಿನಲ್ಲಿ, ಮೂರೂ ಒಂದೇ ಉಸಿರಿನಲ್ಲಿ ಬಂದುಹೋಗುತ್ತಿದ್ದವು. ಕೇಳುವವರಿಗೆ ಯಾವುದು ಎಲ್ಲಿ ಮುಗಿಯಿತೆಂಬ ಚಿಂತೆಯೇ ಇರಲಿಲ್ಲ. ಚಿಂತೆ ಇದ್ದದ್ದು ನನಗೊಬ್ಬನಿಗೆ: ಈ ಗದ್ದಲದಲ್ಲಿ ನಮ್ಮ ಕನ್ನಡಕ್ಕೆ ಸಲ್ಲಬೇಕಾದ ಪಾಲು ಸಲ್ಲುತ್ತಿದೆಯೇ?

ಹತ್ತಿ ವ್ಯಾಪಾರಿ ರುದ್ರಪ್ಪ ಸೇಠರು ಕ್ರೀಡಾ ಸಮಿತಿಯ ಅಧ್ಯಕ್ಷರಾದಾಗ, ಸನ್ಮಾನ ಸಭೆಯಲ್ಲಿ ನಾನು ಎದ್ದು ನಿಂತು ಮೈದಾನದ ಅನ್ಯಾಯಗಳನ್ನೆಲ್ಲ ಹೆಸರಿಸಿದೆ. ಸಮಿತಿಯವರಿಗೆ ಶಾಮಿಯಾನಾ, ಹೆಂಗಸರಿಗೆ ಬಿಸಿಲಿನ ದಿಕ್ಕು. ಅತಿಥಿಗಳಿಗೆ ಷರಬತ್ತು, ಆಟಗಾರರಿಗೆ ನಲ್ಲಿಯ ನೀರು. ಕೊನೆಗೆ, 'ಮೈಕಿನಲ್ಲಿ ಪ್ರತಿಯೊಂದು ಭಾಷೆಗೂ ನ್ಯಾಯವಾದ, ಸ್ಪಷ್ಟವಾದ ಪಾಲು ದೊರೆಯಬೇಕು' ಎಂದೆ. ಸೇಠರು ಕುರ್ಚಿಯಿಂದಲೇ ಕೈಯೆತ್ತಿದರು. 'ಮಾಸ್ತರ್ರು ಹೇಳಿದ್ದು ಬರೋಬರ್ ಐತಿ. ಮೊದಲನೇ ಸೆಟ್ ತೆಲುಗು, ಎರಡನೇದು ಉರ್ದು, ಮೂರನೇದು ಕನ್ನಡ. ಒಂದರಾಗ ಒಂದು ಕಲಸಂಗಿಲ್ಲ. ಈಗ ಯಾರಿಗಿ ಅನ್ಯಾಯ ಆತ್ರಿ?' ಶಾಮಿಯಾನಾ, ನೀರಿನ ಮಾತು ಅವರಿಗೆ ಕೇಳಿಸಿರಲಿಲ್ಲ. ಆದರೂ ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದವನು ನಾನೇ.

ತೆಲುಗಿಗೆ ಒಬ್ಬ ವಕೀಲರು ಬಂದರು. ಪ್ರತಿ ಪಾಯಿಂಟನ್ನೂ ತೀರ್ಪಿನಂತೆ ಓದಿದರು. ಉರ್ದುವಿಗೆ ಬಂದ ವೃದ್ಧ ಮುನ್ಶಿಯವರು ಆಟಗಾರನನ್ನು ಜನಾಬ್ ಎಂದು ಗೌರವಿಸಿ ಮುಗಿಸುವಷ್ಟರಲ್ಲಿ ಚೆಂಡು ನೆಲಕ್ಕೆ ಬಿದ್ದಿರುತ್ತಿತ್ತು. ಮೂರನೆಯ ಸೆಟ್ಟಿನ ಈರಣ್ಣ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಚಹಾ ಕುಡಿಯುತ್ತ ಕುಳಿತ. ನಮ್ಮೂರ ಪಂದ್ಯಗಳಲ್ಲಿ ಮೂರರಲ್ಲಿ ಎರಡು ಸೆಟ್ ಗೆದ್ದವರಿಗೆ ಗೆಲುವು. ಮೂರನೆಯದನ್ನು ಆಡುವುದು ಇಬ್ಬರೂ ಒಂದೊಂದು ಗೆದ್ದಾಗ ಮಾತ್ರ. ಆ ವರ್ಷ ನಮ್ಮ ತಂಡ ಎಷ್ಟು ಚೆನ್ನಾಗಿತ್ತೆಂದರೆ ನಮ್ಮ ನೆರೆಯ ಮದ್ದೂರಿನವರನ್ನೂ ನಾರಾಯಣಪೇಟೆಯವರನ್ನೂ ಎರಡೇ ಸೆಟ್ಟಿನಲ್ಲಿ ಮನೆಗೆ ಕಳಿಸಿತು.

'ಮಾಸ್ತರ್ರ, ನಮ್ಮ ಪಾಲು ಯಾವಾಗ ಬರ್ತೈತ್ರಿ?' ಎಂದು ಈರಣ್ಣ ಕೇಳಿದ.

'ನಮ್ಮವರು ಒಂದು ಸೆಟ್ ಸೋತರೆ.'

'ಅಂದ್ರ ನಮ್ಮೂರು ಸೋಲಲಿ ಅಂತ ಬೀರಪ್ಪಗ ಕಾಯಿ ಒಡಸಲೇನ್ರಿ? ಫೈನಲ್‌ನಾಗೂ ಬಾಯಿ ಬಿಡಾಕ ಸಿಗಲಿಲ್ಲಂದ್ರ ನಾ ಇನ್ನ ಮೈಕ್ ಮುಟ್ಟಂಗಿಲ್ಲ ನೋಡ್ರಿ.'

ಫೈನಲ್ ಗದ್ವಾಲದ ಮೇಲೆ. ಕೃಷ್ಣೆಯ ಆಚೆಯ ಗದ್ವಾಲ ಈಗ ಬೇರೆ ಜಿಲ್ಲೆ. ಅದು ಗಿರಿಜೆಯ ತವರೂರು ಕೂಡ. ಆದುದರಿಂದ ನಮ್ಮ ಮನೆಯಲ್ಲಿ ಗಡಿ ರೇಖೆ ಅಡಿಗೆಮನೆಯ ಹೊಸ್ತಿಲಿನಲ್ಲೇ ಇದೆ. ಮೊದಲ ಸೆಟ್ಟನ್ನು ಮಕ್ತಲ್ ಗೆದ್ದಿತು. ಎರಡನೆಯದರಲ್ಲಿ ನಮ್ಮವರು ಮುನ್ನಡೆದಂತೆಲ್ಲ ನನ್ನ ಲೆಕ್ಕ ತಪ್ಪತೊಡಗಿತು. ನಾನು ಮಕ್ತಲ್‌ನವನು, ಗೆಲ್ಲಬೇಕು. ನಾನು ಕನ್ನಡದವನು, ಸೋಲಬೇಕು. ಸೋತು ಆಮೇಲೆ ಗೆಲ್ಲಬೇಕು. ಆದರೆ ಈಗಲೇ ಗೆದ್ದುಬಿಟ್ಟರೆ? ಒಬ್ಬ ಸಾಮಾನ್ಯ ಕ್ರೀಡಾಭಿಮಾನಿ ಒಂದೇ ಚೆಂಡಿನ ಬಗ್ಗೆ ಇಷ್ಟು ನಿಲುವುಗಳನ್ನು ತಾಳುವುದು ಹೇಗೆ? ಅಷ್ಟರಲ್ಲಿ ಗದ್ವಾಲದ ಹುಡುಗನೊಬ್ಬ ನೆಗೆದು ಹೊಡೆದ ಚೆಂಡು ನಮ್ಮ ಅಂಕಣದ ನಡುವೆ ಬಿತ್ತು. ಮಕ್ತಲ್‌ನವರ ಸಾಲಿನಲ್ಲಿ ಒಬ್ಬನೇ ಒಬ್ಬ ಎದ್ದು ನಿಂತು ಚಪ್ಪಾಳೆ ಹೊಡೆದ. ಸುತ್ತಲಿನವರೆಲ್ಲ ತಿರುಗಿ ನೋಡಿದಾಗ ಅದು ನಾನೆಂದು ನನಗೂ ತಿಳಿಯಿತು.

ಆ ಸೆಟ್ ಗದ್ವಾಲಕ್ಕೆ ಹೋಯಿತು. ಈರಣ್ಣ ಟವೆಲ್ ಕೊಡವಿ ಮೈಕ್ ಹಿಡಿದ. ಮೈದಾನವೆಲ್ಲ ಸಿಳ್ಳೆ ಹಾಕಿತು.

'ನೋಡ್ರಪಾ, ಎತ್ತಿ ಕೊಟ್ಟಾನ… ಎಗಿರಿಂ—'

'ಈರಣ್ಣಾ, ತೆಲುಗು ಸೆಟ್ ಮುಗದೈತಪಾ!' ಎಂದು ಸೇಠರು ಬೆರಳೆತ್ತಿದರು.

'ಅರೇ ಕ್ಯಾ—'

'ಅದು ಉರ್ದು ಸೆಟ್ಟಿಂದು!'

ಈರಣ್ಣ ತಡವರಿಸಿದ. 'ಈಗ… ಚೆಂಡು… ಅಲ್ಲಿಂದ ಇಲ್ಲಿಗೆ… ಬಂದಿರುತ್ತದೆ' ಎಂದ. ನಾನು ಇಷ್ಟು ಕಾಲ ಕಾದಿದ್ದ ಶುದ್ಧ ಕನ್ನಡ ಅದು. ಸಿಳ್ಳೆಗಳು ನಿಂತವು. ಚೆಂಡಿನ ಸದ್ದು ಮಾತ್ರ ಕೇಳುತ್ತಿದ್ದ ಆ ಮೌನದಲ್ಲಿ ನಮ್ಮ ತಂಡ ಸೋತಿತು. ಈರಣ್ಣ ಮೈಕನ್ನು ನನ್ನ ಮುಂದೆ ತಂದಿಟ್ಟು, 'ಬಾಯಿಗೂ ಬ್ಯಾರೆ ಬ್ಯಾರೆ ಜಿಲ್ಲಾ ಮಾಡಿಸಿದ್ರೇನ್ರಿ ಮಾಸ್ತರ್ರ?' ಎಂದು ಕೇಳಿ ಹೊರಟುಹೋದ.

ಬಿಸಿಲಿನ ದಿಕ್ಕಿನಿಂದ ಎದ್ದು ಬಂದ ಗಿರಿಜೆಯ ಮುಖ ಮಾತ್ರ ಅರಳಿತ್ತು. 'ಮದುವಿಯಾದ ಮ್ಯಾಗ ಮೊದಲನೇ ಸಲ ನಮ್ಮೂರಿಗಿ ಚಪ್ಪಾಳಿ ಹೊಡದ್ರಿ ನೋಡ್ರಿ. ನಮ್ಮಣ್ಣಗ ಫೋನ್ ಮಾಡಿ ಹೇಳೀನಿ.'

ಆದುದರಿಂದ ಅಧ್ಯಕ್ಷರಿಗೂ ಸಮಿತಿಯ ಸದಸ್ಯರಿಗೂ ನನ್ನ ಸ್ಪಷ್ಟವಾದ ಆಗ್ರಹವಿದು: ಬರುವ ಪಂದ್ಯಾವಳಿಯೊಳಗೆ ತಾವೇ ಈರಣ್ಣನ ಅಂಗಡಿಗೆ ಹೋಗಿ ಅವನನ್ನು ಕರೆತರಬೇಕು. ಮೊದಲ ಸರ್ವಿಸಿನಿಂದ ಕೊನೆಯ ಪಾಯಿಂಟಿನವರೆಗೆ ಮೈಕ್ ಅವನ ಕೈಯಲ್ಲಿರಬೇಕು. ಅವನ ಬಾಯಿಂದ ಯಾವ ಮಾತು ಬಂದರೂ ಯಾರೂ ಬೆರಳೆತ್ತಕೂಡದು. ಶಾಮಿಯಾನಾವನ್ನು ಹೆಂಗಸರ ಕಡೆಗೆ ಹಾಕಬೇಕು. ಮತ್ತು ಮುಂದಿನ ಸನ್ಮಾನ ಸಭೆಯಲ್ಲಿ ಯಾರಾದರೂ ನ್ಯಾಯವಾದ ಪಾಲಿನ ಕುರಿತು ಭಾಷಣಕ್ಕೆ ಎದ್ದು ನಿಂತರೆ, ಅವರು ನಾನೇ ಆಗಿದ್ದರೂ, ತಕ್ಷಣ ಮೈಕ್ ಬಂದ್ ಮಾಡಬೇಕು.